ಫಾರಂ ಮಡಚಿಟ್ಟು ಕೇಳಿ

(ಬಳ್ಳಾರಿಯಲ್ಲಿ ಸಮಾಜ ಕಾರ್ಯಕರ್ತರಿಗಾಗಿ ಆತ್ಮಹತ್ಯೆ ತಡೆಯುವ ಬಗ್ಗೆ ನಡೆದ ಎರಡು ದಿನದ ತರಬೇತಿಯಲ್ಲಿ ಮೊದಲ ಬೆಳಿಗ್ಗೆ ಆಡಿದ ಮಾತು. ಫೋನಿನಲ್ಲಿ ರೆಕಾರ್ಡ್ ಆಗಿದ್ದನ್ನು ಕೇಳಿ ಬರೆದಿದ್ದೇನೆ. ಫ್ಯಾನಿನ ಸದ್ದಿಗೆ ಮುಳುಗಿಹೋದ ಕಡೆ ನೆನಪಿನಿಂದ ತುಂಬಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಳ್ಳಾರಿ, ರಾಯಚೂರು, ಕೊಪ್ಪಳ, ಮೂರೂ ಕಡೆಯವರು ಬಂದಿದ್ದೀರಿ. ಚಹಾ ಇನ್ನೂ ಬಂದಿಲ್ಲ. ಅದು ಬರುವಷ್ಟರಲ್ಲಿ ನನ್ನದೇ ಒಂದು ತಪ್ಪಿನ ಕತೆ ಹೇಳಿ ಮುಗಿಸುತ್ತೇನೆ. ಯಾರ ಗುರುತೂ ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಾಲುವೆ ನೀರು ಕೊನೆಗೆ ಮುಟ್ಟುವ ಒಂದು ಊರು. ಮೂವತ್ತರ ಆಸುಪಾಸಿನ ಹೆಂಗಸು, ಒಬ್ಬಳೇ ಮಗಳು. ‘ಯಾಕೋ ಸರಿಗಿಲ್ಲ ನೋಡ್ರಿ, ಊಟ ಬಿಟ್ಟಾಳ’ ಅಂತ ಆ ಊರಿನ ಆಶಾ ಕಾರ್ಯಕರ್ತೆ ಹೇಳಿ ಕಳಿಸಿದ್ದರು. ಹೋದೆ. ಕಟ್ಟೆ ಮೇಲೆ ಕೂತೆ. ಬ್ಯಾಗಿನಿಂದ ಫಾರಂ ತೆಗೆದು ತೊಡೆ ಮೇಲೆ ಇಟ್ಟುಕೊಂಡು ಒಂದೊಂದೇ ಪ್ರಶ್ನೆ ಓದಿದೆ. ‘ಇತ್ತೀಚಿನ ದಿನಗಳಲ್ಲಿ ತಮಗೆ ಆತ್ಮಹತ್ಯೆಯ ಆಲೋಚನೆಗಳು ಬಂದಿವೆಯೇ?’ ಹೌದು, ಹೀಗೇ ಓದಿದೆ. ಮದುವೆ ಕರೆಯೋಲೆ ಓದಿದ ಹಾಗೆ. ‘ಇಲ್ರಿ’ ಅಂದಳು. ಎಲ್ಲದಕ್ಕೂ ‘ಇಲ್ರಿ’. ಕೆಳಗೆ ‘ಅಪಾಯ ಕಡಿಮೆ’ ಅಂತ ಗುರುತು ಹಾಕಿದೆ.

ಎದ್ದು ಚಪ್ಪಲಿ ಮೆಟ್ಟುವಾಗ ಅವಳೇ ಮಾತಾಡಿಸಿದಳು. ‘ಅಕ್ಕೋರೆ, ನನ್ನ ಮಗಳ ಹೆಸರು ನಮ್ಮವ್ವನ ರೇಷನ್ ಕಾರ್ಡಿಗೆ ಸೇರಿಸಬೇಕಂದ್ರ ಎಲ್ಲಿಗೆ ಹೋಗಬೇಕ್ರಿ?’ ಎಲ್ಲಿಗೆ ಹೋಗಬೇಕು, ಏನೇನು ಕಾಗದ ಬೇಕು, ಎಲ್ಲ ಬಿಡಿಸಿ ಹೇಳಿದೆ. ಒಳ್ಳೆ ಸಹಾಯ ಮಾಡಿದೆ ಅಂತ ಖುಷಿಯಲ್ಲೇ ಬಸ್ ಹತ್ತಿದೆ.

ನಾಲ್ಕು ದಿನ ಆದಮೇಲೆ ಅವಳನ್ನು ಆಸ್ಪತ್ರೆಯ ಮಂಚದ ಮೇಲೆ ನೋಡಿದೆ. ಪುಣ್ಯಕ್ಕೆ ಉಳಿದಳು. ಮಗಳ ಆಧಾರ್ ಕಾರ್ಡು, ಪಾಸ್‌ಬುಕ್ಕು, ಶಾಲೆಯ ಕಾಗದ ಎಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ತವರಿಗೆ ಮೊದಲೇ ಕಳಿಸಿದ್ದಳಂತೆ. ಅದಕ್ಕೇ ಆ ರೇಷನ್ ಕಾರ್ಡಿನ ಪ್ರಶ್ನೆ. ತಿಂಗಳ ಮೇಲೆ ಅವಳೇ ಒಂದು ಮಾತು ಹೇಳಿದಳು. ಬೈದು ಹೇಳಲಿಲ್ಲ, ಸುಮ್ನೆ ಹೇಳಿದಳು. ‘ನೀವು ಬರೀಲಿಕ್ಕೆ ಹತ್ತಿದ್ರಿ. ನನ್ನ ಮಾರಿ ನೋಡ್ಲಿಲ್ರಿ.’

ಈ ಎರಡು ದಿನದಲ್ಲಿ ನಾನು ಹೇಳಬೇಕಾಗಿರುವುದೆಲ್ಲ ಆ ಮಾತಿನ ಸುತ್ತಲೇ ಇದೆ.

ಇದನ್ನು ಬಳ್ಳಾರಿಯಲ್ಲಿ ನಿಂತು ಹೇಳುವಾಗ ಒಂದು ಹಳೆಯ ವಿಷಯ ನೆನಪಿಸಬೇಕು. ನಮ್ಮ ಮಕ್ಕಳಿಗೆ ಬಳ್ಳಾರಿ ಅಂದರೆ ಗಣಿ ಧೂಳು, ಜೀನ್ಸ್ ಪ್ಯಾಂಟು, ಬಿಸಿಲು ಅಷ್ಟೇ ಗೊತ್ತು. ಆದರೆ ದೇಶದಾದ್ಯಂತ ಮಾನಸಿಕ ಆರೋಗ್ಯದ ಪುಸ್ತಕಗಳಲ್ಲಿ ‘ಬಳ್ಳಾರಿ ಮಾದರಿ’ ಅಂತಲೇ ಒಂದು ಹೆಸರಿದೆ. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಅದನ್ನು ಒಂದು ಜಿಲ್ಲೆಯ ಮಟ್ಟದಲ್ಲಿ ಹೇಗೆ ನಡೆಸುವುದು ಅಂತ ನೋಡಲು ನಿಮ್ಹಾನ್ಸ್‌ನವರು 1985ರಿಂದ 1990ರವರೆಗೆ ಬಂದು ಕೆಲಸ ಮಾಡಿದ್ದು ಇಲ್ಲೇ. ಆಗ ಹೊಸಪೇಟೆ ಕಡೆಯ ತಾಲ್ಲೂಕುಗಳೂ ಇದೇ ಜಿಲ್ಲೆಯಲ್ಲಿದ್ದವು. ಸುಮಾರು 20 ಲಕ್ಷ ಜನ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ, ಮನೆ ಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ನಾಲ್ಕಾರು ಮುಖ್ಯ ಔಷಧಿ ಹಳ್ಳಿಯಲ್ಲೇ ಸಿಗುವ ಹಾಗೆ ಮಾಡಿದರು. ಇದನ್ನೇ ನೋಡಿಕೊಂಡು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಿತು. ಇವತ್ತು ನಿಮ್ಮಲ್ಲಿ ಕೆಲವರು ಜಿಲ್ಲಾ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಿ ಇದ್ದೀರಲ್ಲ, ಆ ಹುದ್ದೆಗೆ ಬೇರು ಈ ಊರಲ್ಲಿದೆ. ದೊಡ್ಡ ಡಾಕ್ಟರ್ ಇಲ್ಲದ ಕಡೆ ಊರಿನ ಕಾರ್ಯಕರ್ತರೇ ಮೊದಲು ಗುರುತಿಸಬಹುದು ಅಂತ ತೋರಿಸಿದ ಜಿಲ್ಲೆ ಇದು.

ಈಗ ಕೇಳುವ ವಿಷಯಕ್ಕೆ ಬರೋಣ. ತರಬೇತಿಯಲ್ಲಿ ನಾನು ಮಾಡಿಸುವ ಮೊದಲ ಕೆಲಸ ತುಂಬಾ ಚಿಕ್ಕದು. ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಅವರ ಮುಖ ನೋಡಿ, ‘ಜೀವ ಕಳ್ಕೋಬೇಕು ಅಂತ ಅನ್ನಿಸೈತೇನು?’ ಅಂತ ಬಾಯಿಬಿಟ್ಟು ಕೇಳಬೇಕು. ಅಷ್ಟೇ. ಸಮಾಜ ಕಾರ್ಯದಲ್ಲಿ ಎಂಎಸ್‌ಡಬ್ಲ್ಯು ಪದವಿ ಮುಗಿಸಿದವರೂ ನಗುತ್ತಾರೆ. ಕೆಲವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಒಬ್ಬ ಹುಡುಗ ನನಗೇ ಕೈ ಮುಗಿದು, ‘ಮೇಡಂ, ಅದೊಂದು ಬಿಟ್ಟು ಬೇರೆ ಏನಾದ್ರೂ ಕೇಳ್ತೀನಿ’ ಅಂದಿದ್ದ. ತಪ್ಪಲ್ಲ. ಈ ಮಾತು ನಮ್ಮ ಮನೆಗಳಲ್ಲಿ ಅಪಶಕುನ. ‘ಬಿಡ್ತು ಅನ್ನು’ ಅನ್ನುತ್ತೇವೆ. ಅದಕ್ಕೇ ಇಲ್ಲಿ, ತಂಪಾಗಿ ಕೂತಿರುವಾಗ ನಾಲಿಗೆ ಹೊರಳಿಸಿಕೊಳ್ಳಬೇಕು. ಮಧ್ಯಾಹ್ನ ಎಲ್ಲರಿಂದಲೂ ಹತ್ತು ಸಲ ಹೇಳಿಸುತ್ತೇನೆ, ತಪ್ಪಿಸಿಕೊಳ್ಳುವ ಹಾಗಿಲ್ಲ.

ಕೇಳಿದರೆ ಇಲ್ಲದ ವಿಚಾರ ತಲೆಗೆ ಬರುತ್ತದೆ ಅನ್ನುವ ಹೆದರಿಕೆ ಇದೆ ಅಲ್ವಾ? ಇದನ್ನು ಬೇರೆ ಬೇರೆ ದೇಶಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ ಮಾಡಿ ನೋಡಿದ್ದಾರೆ. ಕೇಳಿದ್ದರಿಂದ ಆ ವಿಚಾರ ಜಾಸ್ತಿ ಆಗಿದ್ದು ಕಂಡಿಲ್ಲ. ಎಷ್ಟೋ ಜನಕ್ಕೆ ಎದೆ ಮೇಲಿನ ಕಲ್ಲು ಇಳಿದ ಹಾಗೆ ಆಗುತ್ತದೆ.

ಆದರೆ ಕೇಳುವ ರೀತಿ ಇದೆ. ‘ಅಂಥಾ ಕೆಟ್ಟ ವಿಚಾರ ಏನೂ ಇಲ್ಲ ತಾನೇ?’ ಅಂತ ಕೇಳಿದರೆ, ಇಲ್ಲ ಅನ್ನು ಅಂತ ನೀವೇ ಹೇಳಿಕೊಟ್ಟ ಹಾಗಾಯಿತು. ನಮ್ಮ ಜನ ನೇರವಾಗಿ ಹೇಳುವುದಿಲ್ಲ. ‘ಜೀವ ಬ್ಯಾಸರಾಗೈತಿ’, ‘ಸಾಕಾಗೈತ್ರಿ’, ‘ನಾ ಇದ್ದರೇನು ಬಿಟ್ಟರೇನು’, ‘ದೇವರು ಕರಕೊಂಡರ ಚಲೋ’. ಇವುಗಳಲ್ಲಿ ಕೆಲವು ದಿನಾ ಆಡುವ ಮಾತು. ಬಿಸಿಲಿಗೆ ಬೇಸತ್ತು ಬಂದ ಮುದುಕಿಯೂ ಸಾಕಾಗೈತಿ ಅನ್ನುತ್ತಾಳೆ. ಎಲ್ಲದಕ್ಕೂ ಗಾಬರಿ ಬೇಡ, ಆದರೆ ಬಿಟ್ಟುಬಿಡಲೂ ಬೇಡ. ಆ ಮಾತಿನ ಬಾಲ ಹಿಡಿದು ಒಂದು ಹೆಜ್ಜೆ ಒಳಗೆ ಹೋಗಿ. ‘ಸಾಕಾಗೈತಿ ಅಂದ್ರಿ ಅಕ್ಕಾ. ಬದುಕೋದೇ ಸಾಕು ಅನಿಸೈತೇನು?’ ಹೂಂ ಅಂದರೆ ಇನ್ನೊಂದು ಹೆಜ್ಜೆ. ‘ಜೀವ ಕಳ್ಕೋಬೇಕು ಅಂತ ಅನ್ನಿಸೈತೇನು?’ ಬಳ್ಳಾರಿ ಪೇಟೆಯಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು, ತಾಂಡಾಗಳಲ್ಲಿ ಲಂಬಾಣಿ. ನಿಮ್ಮ ಹಳ್ಳಿಯ ಜನ ಅಳುವುದು ಯಾವ ಭಾಷೆಯಲ್ಲೋ ಆ ಭಾಷೆಯಲ್ಲಿ ಈ ಎರಡು ವಾಕ್ಯ ಕಲಿತು ಇಟ್ಟುಕೊಳ್ಳಿ.

ಹೌದು ಅಂದರೆ ಅಲ್ಲಿಗೇ ನಿಲ್ಲಬೇಡಿ. ಯಾವಾಗಿನಿಂದ ಹೀಗೆ? ಏನಾದರೂ ದಾರಿ ಯೋಚಿಸಿದ್ದಾರಾ? ಅದು ಕೈಗೆ ಸಿಗುವಂತಿದೆಯಾ? ಮಾಡಿಯೇ ಬಿಡಬೇಕು ಅನ್ನುವ ಗಟ್ಟಿ ಮನಸ್ಸಿದೆಯಾ, ಇಲ್ಲ ಬಂದು ಹೋಗುವ ವಿಚಾರವಾ? ಮೊದಲು ಯಾವಾಗಾದರೂ ಪ್ರಯತ್ನ ಆಗಿತ್ತಾ? ಕೊಲಂಬಿಯಾ ವಿಶ್ವವಿದ್ಯಾಲಯದವರ ಪ್ರಶ್ನೆಗಳ ಪಟ್ಟಿ ಜಗತ್ತಿನ ಎಷ್ಟೋ ಕಡೆ ಬಳಕೆಯಲ್ಲಿದೆ. ಅದರ ತಿರುಳೂ ಹೆಚ್ಚುಕಡಿಮೆ ಇದೇ. ಜೊತೆಗೆ ಕುಡಿತ, ನಿದ್ದೆ, ಮನೆಯಲ್ಲಿ ಹೊಡೆತ, ವಾಸಿಯಾಗದ ನೋವು. ಮತ್ತೆ ಇಷ್ಟು ದಿನ ಹಿಡಿದಿಟ್ಟಿದ್ದು ಏನು? ಈ ಕೊನೆಯ ಪ್ರಶ್ನೆಯನ್ನು ನಾವು ಮರೆಯುತ್ತೇವೆ. ಒಬ್ಬರು ಹೇಳಿದ್ದು, ‘ಎಮ್ಮಿ ಗಬ್ಬ ಐತ್ರಿ, ಅದು ಈಯೋ ತನಕ ಇರಬೇಕು.’ ನೀವು ನಗಬಹುದು. ಎಮ್ಮೆ ಈದಮೇಲೆ ಏನು ಅನ್ನುವುದನ್ನು ಆ ಹೊತ್ತಿಗೆ ನೋಡಿಕೊಂಡರಾಯಿತು. ಆ ಎಮ್ಮೆ ನಮಗೆ ಎರಡು ತಿಂಗಳು ಕೊಟ್ಟಿತು.

ಇನ್ನು ಫಾರಂ. ಫಾರಂ ಬೇಡ ಅಂತ ನಾನು ಹೇಳುತ್ತಿಲ್ಲ, ಮೇಲಿನವರು ಕೇಳುತ್ತಾರೆ, ಬರೆಯಲೇಬೇಕು. ಹಿಂದಿರುಗಿ ಬಂದು ಬರೆಯಿರಿ. ಆದರೆ ಅಂಕ ಕೂಡಿಸಿ, ಇವರು ಕಡಿಮೆ, ಇವರು ಮಧ್ಯಮ, ಇವರು ಜಾಸ್ತಿ ಅಂತ ಭವಿಷ್ಯ ಹೇಳುವ ಅಭ್ಯಾಸ ಬಿಡಬೇಕು. 50 ವರ್ಷಗಳಲ್ಲಿ ನಡೆದ 365 ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದ ಒಂದು ವಿಶ್ಲೇಷಣೆ 2017ರಲ್ಲಿ ಬಂತು. ಯಾರು ಮುಂದೆ ಪ್ರಾಣ ಕಳೆದುಕೊಳ್ಳುತ್ತಾರೆ ಅಂತ ಊಹಿಸುವುದರಲ್ಲಿ ನಮ್ಮ ಅಳತೆಗೋಲುಗಳೆಲ್ಲ ನಾಣ್ಯ ಚಿಮ್ಮುವುದಕ್ಕಿಂತ ಸ್ವಲ್ಪ ಮಾತ್ರ ವಾಸಿ ಅಂತ ಅದರಲ್ಲಿ ಕಂಡಿತು. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2022ರಲ್ಲಿ ನೇರವಾಗಿಯೇ ಹೇಳಿತು: ಮುಂದಾಗುವುದನ್ನು ಊಹಿಸಲು ಇಂಥ ಅಳತೆಪಟ್ಟಿ ಬಳಸಬೇಡಿ, ಅಂಕ ನೋಡಿ ಯಾರಿಗೆ ಚಿಕಿತ್ಸೆ ಅಂತ ತೀರ್ಮಾನಿಸಬೇಡಿ, ಆ ಮನುಷ್ಯನಿಗೆ ಏನು ಬೇಕು ಅಂತ ನೋಡಿ. ನನ್ನ ‘ಅಪಾಯ ಕಡಿಮೆ’ ಎಷ್ಟು ದಿನ ಬಾಳಿತು ಅಂತ ಆಗಲೇ ಹೇಳಿದೆ.

ಇನ್ನೊಂದು ಕೆಟ್ಟ ಚಾಳಿ ನಮ್ಮ ಕಡೆ ಇದೆ. ಆಣೆ ಮಾಡಿಸುವುದು. ‘ನಿನ್ನ ಮಗನ ತಲಿ ಮ್ಯಾಲೆ ಕೈ ಇಟ್ಟು ಹೇಳು, ಇನ್ನ ಹಂಗ ವಿಚಾರ ಮಾಡಂಗಿಲ್ಲ ಅಂತ.’ ಮನೆಯವರು ಮಾಡಿಸುತ್ತಾರೆ, ಹಿರಿಯರು ಮಾಡಿಸುತ್ತಾರೆ, ನಮ್ಮವರೂ ಮಾಡಿಸಿದ್ದನ್ನು ಕಂಡಿದ್ದೇನೆ. ಪಾಶ್ಚಾತ್ಯ ದೇಶಗಳಲ್ಲಿ ಇದೇ ಕೆಲಸವನ್ನು ಕಾಗದದ ಮೇಲೆ ಸಹಿ ಹಾಕಿಸಿ ಮಾಡುತ್ತಿದ್ದರು. ಅದು ಜೀವ ಉಳಿಸುತ್ತದೆ ಅನ್ನುವುದಕ್ಕೆ ಪುರಾವೆ ಸಿಕ್ಕಿಲ್ಲ. ಆಣೆ ಮಾಡಿದವಳಿಗೆ ಮತ್ತೆ ಆ ವಿಚಾರ ಬಂದರೆ ಯಾರ ಹತ್ತಿರ ಹೇಳಬೇಕು? ಹೇಳಿದರೆ ಆಣೆ ಮುರಿದ ಹಾಗೆ. ಬಾಯಿ ಮುಚ್ಚಿಸುವ ಕೆಲಸ ಅದು.

ಅದರ ಬದಲಿಗೆ ಒಂದು ಹಾಳೆ ಬರೆಯಿರಿ, ಅವರ ಜೊತೆ ಕೂತು. ಬಾರ್ಬರಾ ಸ್ಟ್ಯಾನ್ಲಿ, ಗ್ರೆಗರಿ ಬ್ರೌನ್ ಅನ್ನುವ ಇಬ್ಬರು ಅಮೆರಿಕದಲ್ಲಿ ಇದಕ್ಕೊಂದು ಕ್ರಮ ಮಾಡಿದರು, ಸುರಕ್ಷತಾ ಯೋಜನೆ ಅಂತ. ಕ್ರಮ ಅವರದು, ಮಾತು ನಮ್ಮದಿರಬೇಕು. ಒಬ್ಬ ಹಮಾಲರ ಜೊತೆ ಬರೆದ ಹಾಳೆ ನನಗೆ ಬಾಯಿಪಾಠ ಬರುತ್ತದೆ. ಮಗನ ನೋಟ್‌ಬುಕ್ಕಿಂದ ಹರಿದ ಹಾಳೆ. ‘ರಾತ್ರಿ ಎರಡಕ್ಕೆ ಎಚ್ಚರ ಆಗಿ ಸಾಲದ ಲೆಕ್ಕ ಶುರುವಾದರೆ ಹುಷಾರು.’ ಅದು ಮುನ್ಸೂಚನೆ. ‘ಎದ್ದು ಮುಖ ತೊಳಿ. ಅಂಗಳಕ್ಕೆ ಬಾ. ರೇಡಿಯೋ.’ ಅದು ತಾನೇ ಮಾಡಿಕೊಳ್ಳುವುದು. ‘ಬೆಳಗಾಗುತ್ಲೆ ಬಸ್ ಸ್ಟ್ಯಾಂಡ್ ಚಾದಂಗಡಿ.’ ಸುಮ್ನೆ ನಾಲ್ಕು ಜನ ಇರುವ ಜಾಗ. ‘ಸಣ್ಣ ಮಾವಗ ಫೋನ್.’ ದೊಡ್ಡ ಮಾವ ಬೇಡ ಅಂದರು, ಅವರು ಬುದ್ಧಿ ಹೇಳುತ್ತಾರಂತೆ. ಆಮೇಲೆ 14416, ಟೆಲಿ ಮಾನಸ್ ಸಹಾಯವಾಣಿ. ಕೊನೆಗೆ, ‘ಎಣ್ಣಿ ಡಬ್ಬಿ ಅಣ್ಣನ ತೋಟದ ಮನಿಗೆ, ಕೀಲಿ ಅಣ್ಣನ ಹತ್ರ.’ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಫೋನಿನ ಕವರ್ ಹಿಂದೆ ಇಟ್ಟುಕೊಂಡರು. ಬೆವರಿಗೆ ಅಕ್ಷರ ಅಳಿಸಿ, ಎರಡು ಸಲ ಹೊಸದಾಗಿ ಬರೆದಿದ್ದೇವೆ.

ಆ ಕೊನೆಯ ಸಾಲು ನಮ್ಮ ಮೂರೂ ಜಿಲ್ಲೆಗೆ ತುಂಬಾ ಮುಖ್ಯ. ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆಯುವ ನಾಡು ಇದು. ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕ, ಮನೆಯೊಳಗೇ ಇರುತ್ತದೆ. ಸಾಯಬೇಕು ಅನ್ನುವ ತೀವ್ರ ಗಳಿಗೆ ಬಹಳ ಜನರಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆ ಗಳಿಗೆಯಲ್ಲಿ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. ಶ್ರೀಲಂಕಾ ತುಂಬಾ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರಿಂದ ಎರಡು ದಶಕದಲ್ಲಿ ಅಲ್ಲಿಯ ಆತ್ಮಹತ್ಯೆ ಪ್ರಮಾಣ ಸುಮಾರು ನೂರಕ್ಕೆ 70ರಷ್ಟು ಇಳಿಯಿತು. ಅದೇ ದೇಶದಲ್ಲಿ ಮನೆ ಮನೆಗೆ ಬೀಗದ ಪೆಟ್ಟಿಗೆ ಹಂಚಿಯೂ ನೋಡಿದರು. 2017ರಲ್ಲಿ ಫಲಿತಾಂಶ ಬಂತು, ಪೆಟ್ಟಿಗೆಯಿಂದ ವ್ಯತ್ಯಾಸ ಕಾಣಲಿಲ್ಲ. ಕೀಲಿ ಮನೆಯಲ್ಲೇ ಇದ್ದರೆ ಪೆಟ್ಟಿಗೆ ಏನು ಮಾಡೀತು, ಅನ್ನುವುದು ನನ್ನ ಅನಿಸಿಕೆ. ನಿಷೇಧ ಸರ್ಕಾರದ ಕೆಲಸ. ಡಬ್ಬಿಯನ್ನು ಕೆಲವು ದಿನ ಬೇರೆಯವರ ಮನೆಗೆ ಸಾಗಿಸುವುದು, ಉಳಿದಿದ್ದನ್ನು ಮನೆಯಲ್ಲಿ ಇಡದಂತೆ ನೋಡಿಕೊಳ್ಳುವುದು ನಮ್ಮಿಂದ ಆಗುತ್ತದೆ. ಮಾತ್ರೆಗಳ ವಿಷಯದಲ್ಲೂ ಹಾಗೇ.

ಯಾರನ್ನು ನೋಡಬೇಕು ಅನ್ನುವುದರಲ್ಲೂ ನಮ್ಮ ಕಣ್ಣಿಗೆ ಒಂದು ಪರದೆ ಇದೆ. ಆತ್ಮಹತ್ಯೆ ಅಂದ ತಕ್ಷಣ ರೈತರು ಅನ್ನುತ್ತೇವೆ. 2022ರ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಲೆಕ್ಕದಲ್ಲಿ ದೇಶದಲ್ಲಿ 1,70,924 ಸಾವು, ಕರ್ನಾಟಕದಲ್ಲಿ 13,606. ದೇಶದ ಲೆಕ್ಕದಲ್ಲಿ ಕೃಷಿಯವರು 11,290, ಅದರಲ್ಲೂ ರೈತರಿಗಿಂತ ಕೃಷಿ ಕೂಲಿಗಳೇ ಜಾಸ್ತಿ. ದಿನಗೂಲಿಯವರು ನೂರಕ್ಕೆ 26ರ ಮೇಲೆ. ಗೃಹಿಣಿಯರು ಸುಮಾರು 25 ಸಾವಿರ. ರೈತರದು ಸಣ್ಣ ನೋವು ಅಂತಲ್ಲ. ಅಡುಗೆಮನೆಯಲ್ಲಿ, ಜೀನ್ಸ್ ಹೊಲಿಗೆ ಶೆಡ್ಡಿನಲ್ಲಿ, ಗುಳೆ ಹೋಗುವ ಬಸ್ಸಿನಲ್ಲಿ ಕೂತವರನ್ನು ಯಾರೂ ಕೇಳುತ್ತಿಲ್ಲ ಅಂತ.

ಕೇಳಿದ ಮೇಲೆ ಸಮಾಜ ಕಾರ್ಯಕರ್ತರಿಗೆ ಡಾಕ್ಟರಿಗಿಲ್ಲದ ಒಂದು ಕೆಲಸವಿದೆ. ಖಿನ್ನತೆಗೆ ಮಾತ್ರೆ ಬೇಕಾಗಬಹುದು, ಅದಕ್ಕೆ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆ, ಕರೆದುಕೊಂಡು ಹೋಗಿ. ಆದರೆ ಕಿರುಸಾಲದ ವಾರದ ಕಂತಿಗೆ ಸಂಘದ ಹೆಂಗಸರೆಲ್ಲ ಬಾಗಿಲಲ್ಲಿ ಬಂದು ಕೂತಿದ್ದರೆ ಮಾತ್ರೆ ಏನು ಮಾಡುತ್ತದೆ? ಒಬ್ಬರ ಕಂತು ತಪ್ಪಿದರೆ ಉಳಿದವರು ಕಟ್ಟಬೇಕು, ಅದಕ್ಕೇ ಗೆಳತಿಯರೇ ಬಂದು ಕೂರುತ್ತಾರೆ. ಆ ಅವಮಾನ ಸಾಲಕ್ಕಿಂತ ದೊಡ್ಡದು. 2025ರಲ್ಲಿ ನಮ್ಮ ರಾಜ್ಯ ಕಿರುಸಾಲ ವಸೂಲಿಯ ದೌರ್ಜನ್ಯ ತಡೆಯಲು ಕಾನೂನು ತಂದಿದೆ. 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಆ ಕಾನೂನಿದೆ ಅಂತ ಆ ಮನೆಯವರಿಗೆ ತಿಳಿಸುವುದು, ಜೊತೆಗೆ ಠಾಣೆಗೆ ಹೋಗುವುದು, ಕಂತು ಮುಂದಕ್ಕೆ ಹಾಕಿಸಲು ಮಾತಾಡುವುದು, ಇದೂ ತಡೆಗಟ್ಟುವ ಕೆಲಸವೇ. ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ.

ಪೊಲೀಸ್ ಹೆದರಿಕೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಕೇಸ್ ಆಗುತ್ತದೆ ಅಂತ ಎಷ್ಟೋ ಮನೆಯವರು ಪ್ರಯತ್ನವನ್ನೇ ಮುಚ್ಚಿಡುತ್ತಾರೆ, ಆಸ್ಪತ್ರೆಯಲ್ಲಿ ‘ಗೊತ್ತಿಲ್ಲದೆ ಆಯ್ತು’ ಅನ್ನುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಪ್ರಕಾರ, ಪ್ರಯತ್ನಪಟ್ಟವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಶಿಕ್ಷಿಸುವ ಹಾಗಿಲ್ಲ, ಆರೈಕೆ ಕೊಡುವುದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಪ್ರಯತ್ನವನ್ನೇ ಅಪರಾಧ ಅನ್ನುತ್ತಿದ್ದ ದಂಡ ಸಂಹಿತೆಯ ಹಳೆಯ 309ನೇ ಕಲಂ ಇಲ್ಲವೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುವುದು ಬೇರೆ, ಶಿಕ್ಷೆ ಬೇರೆ. ಇದನ್ನು ಮನೆಯವರಿಗೆ ಬಿಡಿಸಿ ಹೇಳಿ. ನಿಜ ಹೇಳಿದರೆ ಡಾಕ್ಟರ್ ಕೆಲಸ ಸುಲಭ ಆಗುತ್ತದೆ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ವಾರಗಳು, ಅವೇ ಕಷ್ಟದ ದಿನಗಳು. ನೆಂಟರು ನೋಡಿ ಹೋಗಿರುತ್ತಾರೆ. ಮನೆಯಲ್ಲಿ ಯಾರೂ ಆ ವಿಷಯ ಎತ್ತುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 1,867 ಜನರ ಮೇಲೆ ಒಂದು ಪ್ರಯೋಗ ಮಾಡಿತ್ತು. ಐದು ಊರುಗಳಲ್ಲಿ ಒಂದು ಚೆನ್ನೈ. ಪ್ರಯತ್ನಪಟ್ಟು ಬದುಕಿದವರಿಗೆ ಸುಮಾರು ಒಂದು ಗಂಟೆಯ ಮಾತು, ಆಮೇಲೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಅಥವಾ ಭೇಟಿ. ಇಷ್ಟೇ. 2008ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಮಾಮೂಲಿ ಆರೈಕೆ ಪಡೆದವರಲ್ಲಿ ಆತ್ಮಹತ್ಯೆಯ ಸಾವು ನೂರಕ್ಕೆ 2.2, ಹೀಗೆ ಬೆನ್ನಿಗೆ ನಿಂತು ವಿಚಾರಿಸಿದ ಗುಂಪಿನಲ್ಲಿ 0.2. ಆಮೇಲಿನ ಪ್ರಯೋಗಗಳೆಲ್ಲ ಇಷ್ಟು ಚಂದದ ಫಲ ಕೊಡಲಿಲ್ಲ, ಅದನ್ನೂ ಹೇಳಬೇಕು. ಆದರೂ ‘ಹೆಂಗದೀರಿ, ನಿದ್ದಿ ಬಂತಾ’ ಅಂತ ಕೇಳಲು ಏನೂ ಖರ್ಚಿಲ್ಲ. ನಮ್ಮ ಕಡೆ ತೊಡಕು ಬೇರೆ. ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ. ಬೆಂಗಳೂರಿನ ಯಾವುದೋ ಕಟ್ಟಡದ ಶೆಡ್ಡು. ಸಿಮ್ ಬದಲು. ಅದಕ್ಕೇ ಮೊದಲ ದಿನವೇ ಎರಡು ನಂಬರ್ ಬರೆದುಕೊಳ್ಳಿ, ಒಂದು ಅವರದು, ಇನ್ನೊಂದು ಊರಲ್ಲೇ ಇರುವವರದು. ಗುಳೆ ಯಾವಾಗ, ಯಾವ ಮೇಸ್ತ್ರಿ ಜೊತೆ, ಅದನ್ನೂ ಕೇಳಿ. 14416, ಟೆಲಿ ಮಾನಸ್, 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. ದಿನದ ಯಾವ ಹೊತ್ತಿಗೂ, ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಶೆಡ್ಡಿನಿಂದಲೂ ಹತ್ತುತ್ತದೆ.

ಇಷ್ಟು ಮಾಡಿದ ಮೇಲೂ ಯಾರಾದರೂ ಹೋಗಿಬಿಡಬಹುದು. ನನ್ನ ಲೆಕ್ಕದಲ್ಲೂ ಒಬ್ಬರಿದ್ದಾರೆ. ಆ ಊರಿನ ಬಸ್ ಬೋರ್ಡ್ ನೋಡಿದರೆ ಇವತ್ತಿಗೂ ತಲೆ ತಗ್ಗಿಸುತ್ತೇನೆ. ಆ ವಾರ ನಿಮ್ಮನ್ನು ಯಾರಾದರೂ ಕೇಳಬೇಕು. ನಿಮ್ಮ ತಂಡದಲ್ಲಿ ಅದು ಯಾರು ಅಂತ ಇವತ್ತೇ ಗೊತ್ತು ಮಾಡಿಕೊಳ್ಳಿ. ಆ ಕೆಲಸ ಹಿರಿಯ ಅಧಿಕಾರಿಗೆ ಬಿಡಬೇಡಿ, ಅವರು ರಿಪೋರ್ಟ್ ಕೇಳುತ್ತಾರೆ.

ಚಹಾ ಬಂತು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು, ಕೊಪ್ಪಳದ ಕಡೆಯವಳು. ‘ಮೇಡಂ, ನಾನು ಕೇಳ್ತೀನಿ, ಅವರು ಹೌದು ಅಂತಾರ. ಐದೂವರಿಗೆ ಕಡೀ ಬಸ್. ಆಗ ಏನು ಮಾಡ್ಲಿ?’

ಮಾತಿನಲ್ಲಿ ನಾನು ಹೇಳಿದ್ದಕ್ಕಿಂತ ಇದು ಗಟ್ಟಿ ಪ್ರಶ್ನೆ. ಹೀಗೆ ಹೇಳಿದೆ. ಇವತ್ತೇ, ಈಗಲೇ ಅನ್ನುವ ಮನಸ್ಸಿದ್ದರೆ ಅವರನ್ನು ಒಬ್ಬರನ್ನೇ ಬಿಟ್ಟು ಏಳಬೇಡ. ಅವರ ಎದುರಿಗೇ 14416ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕು. ಮನೆಯಲ್ಲಿ ಯಾರನ್ನು ನಂಬುತ್ತೀರಿ ಅಂತ ಕೇಳಿ, ಅವರನ್ನು ಕರೆಸು. ಗುಟ್ಟಾಗಿ ಇಡುತ್ತೇನೆ ಅಂತ ಮಾತು ಕೊಡಬೇಡ, ಜೀವದ ವಿಷಯದಲ್ಲಿ ಒಬ್ಬರಿಗಾದರೂ ಹೇಳಲೇಬೇಕಾಗುತ್ತದೆ ಅಂತ ಮೊದಲೇ ಹೇಳು. ಡಬ್ಬಿ, ಮಾತ್ರೆ ಮನೆಯಿಂದ ಆಚೆ ಹೋಗಲಿ. ಆಗಲೇ ಏನಾದರೂ ಮಾಡಿಕೊಂಡಿದ್ದರೆ, ಇಲ್ಲ ಕೈ ಮೀರುತ್ತಿದೆ ಅನಿಸಿದರೆ 108, ಸೀದಾ ಆಸ್ಪತ್ರೆ, ನೀನೂ ಜೊತೆಗೆ ಹತ್ತು.

‘ಮತ್ತ ಬಸ್?’

ಬಸ್ ಹೋಗಲಿ ಬಿಡು ಅಂದೆ. ನಾನು ಎರಡು ಸಲ ಹಾಗೆ ಉಳಿದಿದ್ದೇನೆ, ಎರಡು ಸಲವೂ ಆಶಾ ಕಾರ್ಯಕರ್ತೆಯ ಮನೆಯಲ್ಲಿ. ಒಂದು ಸಲ ಕರೆಂಟ್ ಇರಲಿಲ್ಲ. ಮಾಳಿಗೆ ಮೇಲೆ ಚಾಪೆ ಹಾಸಿ ಕೊಟ್ಟರು, ಜೋಳದ ರೊಟ್ಟಿ, ಪುಂಡಿಪಲ್ಯ. ಬೆಳಿಗ್ಗೆ ಆರಕ್ಕೆ ಎದ್ದು ಮತ್ತೆ ಅವರ ಮನೆಗೇ ಹೋದೆ. ಬಾಗಿಲು ತೆಗೆದು, ‘ಹೋಗಿರಲಿಲ್ಲೇನ್ರಿ ಅಕ್ಕೋರೆ ನೀವು?’ ಅಂದರು.